ಇಳಿಯುವ ಯಂತ್ರ

ಗುರುವಾರ ಸಂಜೆ

ಲಿಫ್ಟಿನ ಸಾಹೇಬರಿಗೆ ನಮಸ್ಕಾರ.

‘ಪ್ರೀತಿಯ’ ಎಂದು ಬರೆದರೆ ನೀನು ಹುಬ್ಬೇರಿಸುತ್ತೀಯ, ಬರೆಯದೆ ಬಿಟ್ಟರೆ ಅದನ್ನೇ ಹಿಡಿದುಕೊಂಡು ಕೂರುತ್ತೀಯ. ಅದಕ್ಕೇ ಹಳೆಯ ಅಡ್ಡಹೆಸರಿನಿಂದಲೇ ಶುರುಮಾಡಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ದನಿ ಏರಿಸುವವರು. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಈ ಸುಖವನ್ನು ಮದುವೆಯಾದ ಹೊಸದರಲ್ಲೇ ಕಂಡುಕೊಳ್ಳಬೇಕಿತ್ತು.

ನಿನ್ನ ಕಾಗದ ಮೊನ್ನೆ ಬಂತು. ಮುಂದಿನ ವಾರ ಭಾನುವಾರ ಇಬ್ಬರು ಆಳುಗಳನ್ನು ಕರೆದುಕೊಂಡು, ಆಸ್ಪತ್ರೆಯವರು ಬಳಸುವಂಥ ಹೊರುವ ಕುರ್ಚಿಯೊಂದನ್ನು ತಂದು, ಅಮ್ಮನನ್ನು ಮೂರನೇ ಮಹಡಿಯಿಂದ ಇಳಿಸಿ ನಿನ್ನ ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದೀಯ. ನಿನ್ನ ಅಮ್ಮ ನನಗೆ ಅತ್ತೆ ಎನ್ನುವುದೇ ಈಗೀಗ ನನಗೆ ಮರೆತುಹೋಗುತ್ತದೆ. ಬಾಯಿಗೆ ಬರುವುದೂ ಅಮ್ಮ ಎಂದೇ. ಈ ಕಾಗದದಲ್ಲೂ ಹಾಗೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಿನ್ನ ಮಾತಿನಲ್ಲಿ ತಪ್ಪು ಹುಡುಕಬೇಕೆಂದು ಕಾಗದವನ್ನು ತಿರುಗಿಸಿ ಮುರುಗಿಸಿ ಓದಿದೆ. ಸಿಗಲಿಲ್ಲ. ನಿನ್ನ ಕಟ್ಟಡಕ್ಕೆ ಲಿಫ್ಟ್ ಇದೆ, ಅದನ್ನು ಕೂರಿಸಿದವನೂ ನೀನೇ. ಇಲ್ಲಿ ಲಿಫ್ಟ್ ಇಲ್ಲ. ಮಂಡಿಯ ಆಪರೇಷನ್ ಆದ ಮೇಲೆ ಅಮ್ಮ ಡಾಕ್ಟರ ಹತ್ತಿರ ಬಿಟ್ಟು ಬೇರೆಲ್ಲಿಗೂ ಇಳಿದವರಲ್ಲ. ಪಂಜರದಲ್ಲಿಟ್ಟ ಹಾಗೆ ಇಟ್ಟಿದ್ದೀಯ ಎಂದು ಬರೆದಿದ್ದೀಯ. ಆ ಮಾತು ಚುಚ್ಚಿತು, ಇಲ್ಲ ಎನ್ನುವುದಿಲ್ಲ. ಆದರೂ ನೀನು ಮಗ. ನಾನು ನೀನು ಬಿಟ್ಟುಹೋದ ಮನೆಯಲ್ಲಿರುವ ಹೆಂಡತಿ. ಅಮ್ಮ ನನ್ನ ಜೊತೆಗೇ ಇರಲಿ ಎಂದು ಕೇಳಲು ನನಗೆ ಯಾವ ಹಕ್ಕೂ ಇಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೆ: ಕುರ್ಚಿ ಬೇಡ, ಆಳುಗಳೂ ಬೇಡ. ಅಮ್ಮ ಈಗ ಮೆಟ್ಟಿಲು ಇಳಿಯುತ್ತಾರೆ. ಹೇಗೆ ಎನ್ನುವುದನ್ನು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕೂತು ಓದು.

ನಮ್ಮ ಕಾರ್ಖಾನೆ ನಿನಗೆ ಗೊತ್ತಲ್ಲ. ಅದೇ ತಗಡಿನ ಸೂರು, ಎತ್ತಲೂ ಹೋಗದ ಅದೇ ವ್ಯಾಯಾಮದ ಸೈಕಲ್ಲುಗಳು. ನಾನು ನಕ್ಷೆ ಬರೆಯುವುದು, ನಮ್ಮ ವೆಲ್ಡರ್ ಅದನ್ನು ಬೆಸೆಯುವುದು. ಅವಳನ್ನು ಎಲ್ಲರೂ ಕಿಡಿ ಎಂದೇ ಕರೆಯುತ್ತಾರೆ. ಕೆಲಸದಿಂದ ಬಂದ ಹೆಸರೋ ಸ್ವಭಾವದಿಂದ ಬಂದದ್ದೋ ಕೇಳುವ ಧೈರ್ಯ ಯಾರಿಗೂ ಇಲ್ಲ. ನೀನು ಹೋದ ಮೇಲೆ ನಾನು ಕಾರ್ಖಾನೆಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಅಷ್ಟೇ. ಹಳೆಯ ನಕ್ಷೆಗಳ ಅಳತೆ ತಿದ್ದಿದ್ದು ಬಿಟ್ಟರೆ ಹೊಸದಾಗಿ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಮನೆಗೆ ಬಂದರೆ ಚಪ್ಪಲಿಯನ್ನೂ ಬಿಚ್ಚದೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತುಬಿಡುತ್ತಿದ್ದೆ. ಅಮ್ಮ ಕುಂಟುತ್ತ ಬಂದು ಊಟಕ್ಕೆ ಏಳು ಎಂದರೆ ಏಳುತ್ತಿದ್ದೆ. ಜಗಳವಾಡಿ ಬಿಟ್ಟುಹೋಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ನೀನು ವರ್ಗವಾಯಿತೆಂದು ಹೋದೆ, ಬಾ ಎಂದು ಗಟ್ಟಿಯಾಗಿ ಕರೆಯಲಿಲ್ಲ. ನಾನೂ ಬರುತ್ತೇನೆ ಎಂದು ಗಟ್ಟಿಯಾಗಿ ಹೇಳಲಿಲ್ಲ. ಹಾಗೇ ಎರಡು ಬೇಸಿಗೆ ಕಳೆದುಹೋಯಿತು. ಅಮ್ಮನ ಮಂಡಿ ಗಟ್ಟಿಯಾಗುವವರೆಗೆ ಇಲ್ಲೇ ಇರಲಿ ಎಂದದ್ದು ನೀನೇ.

ಒಂದು ದಿನ ಯಜಮಾನರು ನನ್ನನ್ನು ಕರೆದು, ಮನೆಯಲ್ಲೇ ನಿಂತು ಮೆಟ್ಟಿಲು ಹತ್ತುವ ಯಂತ್ರ ಬೇಕು ಎಂದರು. ಚಿಕ್ಕದಾಗಿರಬೇಕು, ಮಂಚದ ಕೆಳಗೆ ತಳ್ಳುವಂತಿರಬೇಕು, ಮನೆಮಂದಿಯಲ್ಲಿ ಯಾರಿಗೆ ಎಷ್ಟು ಭಾರ ಬೇಕೋ ಅಷ್ಟಕ್ಕೆ ಹೊಂದಿಸಿಕೊಳ್ಳುವಂತಿರಬೇಕು. ನನಗೆ ತಕ್ಷಣ ಅಮ್ಮನ ನೆನಪಾಯಿತು. ನೀನು ಕರೆದಾಗಲೆಲ್ಲ ಅಮ್ಮ ಫೋನಿನಲ್ಲಿ ಹೇಳುತ್ತಿದ್ದ ಮಾತು ನನಗೆ ಬಾಯಿಪಾಠವಾಗಿತ್ತು: ಬರೋಕೆ ಆಸೆಯೇನೋ ಇದೆಯಪ್ಪ, ಈ ಮೆಟ್ಟಿಲು ಇಳಿಯೋದು ಹೇಗೆ? ಅದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಮನುಷ್ಯರ ಕಾಲಿಗೆ ಕಸರತ್ತು ಮಾಡಿಸುವ ಯಂತ್ರ ಮಾಡುವುದೇ ನನ್ನ ಕಸುಬು, ಮನೆಯಲ್ಲಿರುವ ಒಂದು ಕಾಲಿಗೆ ನನ್ನಿಂದ ಏನೂ ಆಗಿಲ್ಲವಲ್ಲ ಎಂದು. ಅವತ್ತು ಸಂಜೆ ಚಪ್ಪಲಿ ಬಿಚ್ಚಿ ನೇರ ಮೇಜಿನ ಹತ್ತಿರ ಹೋಗಿ ಪೆನ್ಸಿಲ್ ಚೂಪು ಮಾಡಿದೆ.

ಮೊದಲನೆಯದು ಎಲ್ಲರೂ ಮಾಡುವಂಥದೇ. ಎರಡು ಪಾದದ ಹಲಗೆಗಳು, ನಡುವೆ ಒಂದು ರಾಟೆ, ರಾಟೆಯ ಮೇಲೆ ಹಗ್ಗ. ಒಂದು ಹಲಗೆ ತುಳಿದರೆ ಇನ್ನೊಂದು ಏಳುತ್ತದೆ. ತಿರುಪು ಬಿಗಿ ಮಾಡಿದರೆ ಭಾರ, ಸಡಿಲಿಸಿದರೆ ಹಗುರ. ಮನೆಗೆ ತಂದು ಅಡುಗೆಮನೆಯ ಬಾಗಿಲ ಹತ್ತಿರ ಇಟ್ಟೆ. ಅಮ್ಮ ಅದನ್ನು ಸುತ್ತಿ ಬಂದು, ಇದಕ್ಕೆ ಈ ಕೆಂಪು ಬಣ್ಣ ಯಾಕೆ ಎಂದು ಮೂಗು ಮುರಿದರು. ಮಾರನೆಯ ದಿನ ನೋಡಿದರೆ ಅದರ ಕಂಬಿಯ ಮೇಲೆ ಟವೆಲ್ ಒಣಗುತ್ತಿತ್ತು. ಬಣ್ಣ ಬದಲಿಸಿದೆ. ಆಮೇಲೆ ಅದು ಕಿರುಗುಟ್ಟುತ್ತದೆ, ಕೆಳಗಿನ ಮನೆಯವರು ಏನಂದುಕೊಳ್ಳುತ್ತಾರೆ ಎಂದರು. ಎಣ್ಣೆ ಹಾಕಿದೆ. ಎಣ್ಣೆಯ ವಾಸನೆಗೆ ತಲೆ ಸುತ್ತುತ್ತದೆ ಎಂದರು. ನಿನ್ನ ಹಟ ಎಲ್ಲಿಂದ ಬಂದದ್ದು ಎಂದು ನನಗೆ ಅವತ್ತು ಖಾತ್ರಿಯಾಯಿತು.

ಹೇಗೋ ಕಾಡಿ ಬೇಡಿ ಹತ್ತಿಸಿದೆ. ನನ್ನ ಕಣ್ಣೆದುರು ದಿನಾ ಸ್ವಲ್ಪ ಹೊತ್ತು ತುಳಿಯುತ್ತಿದ್ದರು. ಖುಷಿಯಾಗಿ ಕಾರ್ಖಾನೆಯಲ್ಲಿ ಹೇಳಿಕೊಂಡೂ ಬಿಟ್ಟೆ. ವಾರ ಕಳೆದ ಮೇಲೆ ನೆಲ ಗುಡಿಸುವಾಗ ಬಗ್ಗಿ ನೋಡುತ್ತೇನೆ, ಎಡ ಹಲಗೆಯ ರಬ್ಬರು ತುಳಿದು ತುಳಿದು ನುಣುಪಾಗಿದೆ, ಬಲ ಹಲಗೆಯದು ಅಂಗಡಿಯಿಂದ ತಂದ ಹಾಗೇ ಇದೆ. ಬಲಗಾಲೇ ಆಪರೇಷನ್ ಆದ ಕಾಲು. ಎಡಗಾಲು ತುಳಿಯುತ್ತಿತ್ತು, ಬಲಗಾಲು ಆರಾಮಾಗಿ ಹಲಗೆಯ ಮೇಲೆ ಕೂತು ಮೇಲೆ ಕೆಳಗೆ ಸವಾರಿ ಮಾಡುತ್ತಿತ್ತು. ಎರಡಕ್ಕೂ ಒಂದೇ ಹಗ್ಗ ಕಟ್ಟಿದ ನನ್ನ ತಪ್ಪು ಅದು. ಹಗ್ಗ ಇರುವವರೆಗೆ ಗಟ್ಟಿಯಾದ ಕಾಲೇ ದುಡಿಯುತ್ತದೆ, ಸೋತ ಕಾಲು ಸೋತೇ ಇರುತ್ತದೆ.

ಹಗ್ಗ ಕತ್ತರಿಸಿದೆ. ಒಂದೊಂದು ಹಲಗೆಗೂ ಅದರದೇ ಸ್ಪ್ರಿಂಗ್ ಕೊಟ್ಟೆ. ಬರೀ ಸ್ಪ್ರಿಂಗ್ ಕೊಟ್ಟರೆ ಹಲಗೆ ಕತ್ತೆಯ ಹಾಗೆ ಒದೆಯುತ್ತದೆ. ಮೊದಲು ಹತ್ತಿದ ಕಿಡಿಯ ಹಿಮ್ಮಡಿಗೆ ಬಿದ್ದ ಏಟಿಗೆ ಅವಳು ನನ್ನನ್ನು ಬೈದ ಬೈಗುಳ ಕಾಗದದಲ್ಲಿ ಬರೆಯುವಂಥದ್ದಲ್ಲ. ದೊಡ್ಡ ಕಚೇರಿಗಳ ಬಾಗಿಲಿಗೆ ಇರುತ್ತದಲ್ಲ, ಬಾಗಿಲನ್ನು ಸದ್ದಿಲ್ಲದೆ ತಾನೇ ಮುಚ್ಚುವ ಎಣ್ಣೆಯ ಕೊಳವೆ, ಗುಜರಿಯಿಂದ ಅಂಥವೆರಡನ್ನು ತಂದು ಹಲಗೆಗಳ ಕೆಳಗೆ ಕೂರಿಸಿದೆವು. ಆಮೇಲೆ ಹಲಗೆ ಮೆತ್ತಗೆ ಇಳಿದು ಮೆತ್ತಗೆ ಏಳತೊಡಗಿತು. ಎಡಕ್ಕೊಂದು ತಿರುಪು, ಬಲಕ್ಕೊಂದು ತಿರುಪು. ಹಲಗೆ ಎಷ್ಟು ಎತ್ತರದಿಂದ ಇಳಿಯಬೇಕು ಎನ್ನುವುದಕ್ಕೆ ಪಕ್ಕದ ಕಂಬಿಯಲ್ಲಿ ತೂತುಗಳು, ಬೇಕಾದ ತೂತಿಗೆ ಪಿನ್ನು ಹಾಕಿದರಾಯಿತು. ಯಜಮಾನರಿಗೆ ಇದು ಬಹಳ ಹಿಡಿಸಿತು. ಮೀಟರ್ ಒಂದು ಹಾಕಿ, ಬೆವರಿದ್ದು ಗೊತ್ತಾಗಬೇಕು ಎಂದರು.

ಅಮ್ಮನ ಬಲಗಾಲು ಈ ಸಲ ನಿಜವಾಗಿ ದುಡಿಯಿತು. ಮಂಡಿಯ ಮೇಲಿನ ಮಾಂಸ ಗಟ್ಟಿಯಾಯಿತು ಎಂದು ಡಾಕ್ಟರೇ ಹೇಳಿದರು. ಆ ದಿನ ಡಾಕ್ಟರ ಹತ್ತಿರ ಹೋಗುವಾಗ ಎಂದಿನಂತೆ ನಾನೂ ಎದುರುಮನೆಯಾಕೆಯೂ ಎರಡು ಕಡೆ ತೋಳು ಹಿಡಿದು ಇಳಿಸಿದೆವು. ವಾಪಸ್ಸು ಬಂದಾಗ ಅಮ್ಮ ನಮ್ಮ ಕೈ ಬಿಡಿಸಿಕೊಂಡು ಕಂಬಿ ಹಿಡಿದು ಮೂರೂ ಮಹಡಿ ಹತ್ತಿದರು. ನಾನು ಹಿಗ್ಗಿ, ಈಗ ಇಳಿದು ತೋರಿಸಿ ಎಂದೆ. ಅಮ್ಮ ಮೇಲಿನ ಮೆಟ್ಟಿಲ ಅಂಚಿಗೆ ಬಂದು ನಿಂತರು. ಎಡಗಾಲು ಗಾಳಿಯಲ್ಲಿ ಸ್ವಲ್ಪ ಮುಂದೆ ಹೋಗಿ ಹಿಂದೆ ಬಂತು. ಆಗಲ್ಲ ಎಂದು ತಲೆಯಾಡಿಸಿ ಒಳಗೆ ಹೋದರು.

ಅವತ್ತು ನನಗೆ ಹೊಳೆದದ್ದನ್ನು ಬೇಕಾದರೆ ನೀನೂ ಎದ್ದು ನಿಂತು ಪರೀಕ್ಷಿಸಿ ನೋಡು. ಹತ್ತುವಾಗ ಕಾಲು ಒತ್ತುತ್ತದೆ. ಇಳಿಯುವಾಗ ಮೇಲೆ ಉಳಿದ ಕಾಲು ಮಡಚುತ್ತ ಮಡಚುತ್ತ ಇಡೀ ಮೈಯನ್ನು ಕೆಳಗಿನ ಕಾಲಿಗೆ ಮೆಲ್ಲಗೆ ಒಪ್ಪಿಸಬೇಕು. ಅದು ಬೇರೆಯದೇ ಕೆಲಸ. ನಾನು ಮಾಡಿದ ಯಂತ್ರ, ನಮ್ಮ ಕಾರ್ಖಾನೆಯಲ್ಲಿ ಹಿಂದೆ ಮಾಡಿದ ಯಂತ್ರಗಳು, ಎಲ್ಲವೂ ಹತ್ತುವುದನ್ನೇ ಕಲಿಸುತ್ತವೆ. ಯಜಮಾನರಿಗೆ ಹೇಳಿದರೆ ಅವರು ಕನ್ನಡಕ ಒರೆಸುತ್ತ, “ಇಳಿಯೋ ಯಂತ್ರ ಯಾರು ತಗೋತಾರಮ್ಮ? ಎಲ್ರಿಗೂ ಮೇಲೆ ಹೋಗೋದೇ ಬೇಕು,” ಎಂದರು. ಲಿಫ್ಟಿನವರೂ ಹೀಗೇ ಯೋಚಿಸುತ್ತೀರೇನೋ, ಗೊತ್ತಿಲ್ಲ.

ಇಲ್ಲಿಗೆ ನಿಲ್ಲಿಸಿ ಒಂದು ಮಾತು ಹೇಳಬೇಕು. ಇಳಿಯುವ ಯಂತ್ರದ ನಕ್ಷೆ ಅರ್ಧಕ್ಕೆ ಬಂದಿತ್ತು. ಅಮ್ಮ ಒಳಗೆ ಈರುಳ್ಳಿ ಹೆಚ್ಚುತ್ತ ನಿನ್ನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು, ಅದೇ ಮಾತು, ಬರೋಕೆ ಆಸೆಯೇನೋ ಇದೆಯಪ್ಪ ಎಂದು. ಅಮ್ಮ ಇಲ್ಲಿರುವುದು ಮೆಟ್ಟಿಲು ಇಳಿಯಲಾಗದ್ದಕ್ಕೆ ಮಾತ್ರ ಆಗಿದ್ದರೆ? ನನ್ನ ಜೊತೆ ಊಟಕ್ಕೆ ಕೂರುವುದು, ನನಗೆ ನೆಗಡಿಯಾದರೆ ಬಿಸಿನೀರು ಕಾಯಿಸುವುದು, ಟಿವಿಯಲ್ಲಿ ಬರುವವರನ್ನೆಲ್ಲ ಇಬ್ಬರೂ ಸೇರಿ ಆಡಿಕೊಳ್ಳುವುದು, ಇದೆಲ್ಲ ಬೇರೆ ದಾರಿಯಿಲ್ಲದವರ ಕಾಲಹರಣವಾಗಿದ್ದರೆ? ಈ ಯಂತ್ರ ಕೆಲಸ ಮಾಡಿದರೆ ಅಮ್ಮ ಹೋಗುತ್ತಾರೆ. ಮಾಡದಿದ್ದರೆ ಇರುತ್ತಾರೆ. ಪೆನ್ಸಿಲ್ ಕೆಳಗಿಟ್ಟೆ. ಒಂದಷ್ಟು ದಿನ ಎತ್ತಿಕೊಳ್ಳಲಿಲ್ಲ. ಕಿಡಿ ಕೇಳಿದರೆ ಒಳ್ಳೆಯ ಉಕ್ಕು ಸಿಗುತ್ತಿಲ್ಲ ಎಂದು ಸುಳ್ಳು ಹೇಳಿದೆ.

ಮತ್ತೆ ಎತ್ತಿಕೊಳ್ಳುವಂತೆ ಮಾಡಿದವನು ನೀನೇ. ಹೋದ ತಿಂಗಳು ಫೋನ್ ಮಾಡಿ, ಕುರ್ಚಿಯಲ್ಲಿ ಹೊತ್ತು ಇಳಿಸುತ್ತೇನೆ ಎಂದು ಅಮ್ಮನಿಗೆ ಹೇಳಿದೆಯಲ್ಲ, ಅವತ್ತು ಅವರ ಮುಖ ನೋಡಬೇಕಿತ್ತು. ಫೋನ್ ಇಟ್ಟವರೇ, “ಸಾಮಾನು ಇಳಿಸಿದ ಹಾಗೆ ಇಳಿಸ್ತಾನಂತೆ ನನ್ನ,” ಎಂದರು. ಯಾರನ್ನಾದರೂ ಕಾಲು ಸೋತಿದೆ ಎನ್ನುವ ಕಾರಣಕ್ಕೆ ಹೊತ್ತೊಯ್ಯುವುದು ಎಷ್ಟು ತಪ್ಪೋ, ಅದೇ ಕಾರಣಕ್ಕೆ ಇಟ್ಟುಕೊಳ್ಳುವುದೂ ಅಷ್ಟೇ ತಪ್ಪು ಎಂದು ನನಗೆ ಆಗ ಅನಿಸಿತು. ಹೋಗುವುದೇ ಆದರೆ ಅಮ್ಮ ತಮ್ಮ ಕಾಲ ಮೇಲೆ ಹೋಗಲಿ. ಅಳು ಬಂತು, ಅದನ್ನು ಅಮ್ಮ ಹೆಚ್ಚುತ್ತಿದ್ದ ಈರುಳ್ಳಿಯ ತಲೆಗೆ ಕಟ್ಟಿ ನಕ್ಷೆ ಮುಗಿಸಿದೆ.

ಹೊಸ ಯಂತ್ರದಲ್ಲಿ ಬಲ ಹಲಗೆ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ಮೆಟ್ಟಿಲಿನ ಎತ್ತರಕ್ಕೆ ಬಿಗಿದು ನಿಲ್ಲಿಸಿದ್ದೇನೆ. ಅಮ್ಮ ಅದರ ಮೇಲೆ ಬಲಗಾಲಿಟ್ಟು ನಿಂತು, ಮಂಡಿ ಮಡಚುತ್ತ, ಎಡಗಾಲನ್ನು ಪಕ್ಕದ ಹಲಗೆಗೆ ಇಳಿಸಬೇಕು. ಎಡ ಹಲಗೆ ಮೊದಲು ಒಂದು ತೂತಿನಷ್ಟೇ ಕೆಳಗೆ. ಹೆದರಿಕೆಯಾಗುವಷ್ಟರಲ್ಲಿ ಕಾಲಿಗೆ ಸಿಕ್ಕಿಬಿಡುತ್ತದೆ. ಅದು ಸುಲಭವಾದ ಮೇಲೆ ಪಿನ್ನು ಇನ್ನೊಂದು ತೂತು ಕೆಳಗೆ. ಅಕಸ್ಮಾತ್ ಮೈ ತೂರಾಡಿ ಕಾಲು ದೊಪ್ಪನೆ ಬಿದ್ದರೂ ಆ ಹಲಗೆ ಎಣ್ಣೆಯ ಕೊಳವೆಯ ಮೇಲೆ ಮೆತ್ತಗೆ ಕುಸಿಯುತ್ತದೆ, ಮಂಡಿಗೆ ಏಟಾಗುವುದಿಲ್ಲ. ಹಿಡಿದುಕೊಳ್ಳಲು ನಮ್ಮ ಮೆಟ್ಟಿಲಿನ ಕಂಬಿಯಷ್ಟೇ ದಪ್ಪದ ಕೊಳವೆಯನ್ನು ಕಿಡಿ ಬೆಸೆದು ಕೊಟ್ಟಳು. ಅವಳಾಗಿಯೇ ಅದರ ಅಂಚನ್ನೆಲ್ಲ ಉಜ್ಜಿ ನಯ ಮಾಡಿದ್ದಳು, ನಾನು ಹೇಳಿರಲಿಲ್ಲ.

ಈ ಸಲ ಅಮ್ಮ ಬಣ್ಣದ ಮಾತೆತ್ತಲಿಲ್ಲ. ಟವೆಲ್ಲೂ ಒಣಹಾಕಲಿಲ್ಲ. ನಾನು ಹೇಳುವ ಮುಂಚೆಯೇ ಹತ್ತಿ ನಿಂತರು. ಬಲ ಮಂಡಿ ಮಡಚಿದಾಗ ನಡುಗುವುದು ನನಗೆ ಕಾಣುತ್ತಿತ್ತು. ಎಡಗಾಲು ಹಲಗೆಗೆ ತಾಗಿದಾಗ ಅಮ್ಮ ಗಟ್ಟಿಯಾಗಿ ನಕ್ಕುಬಿಟ್ಟರು. ಬಲಗಾಲು ಅಷ್ಟು ಭಾರ ಹೊತ್ತದ್ದು ಅವರಿಗೇ ನಂಬಿಕೆಯಾಗಲಿಲ್ಲ. ಅಲ್ಲಿಂದ ಮುಂದೆ ಹಲ್ಲು ಕಚ್ಚಿ ಅಭ್ಯಾಸ ಮಾಡಿದರು. ನಾನು ಕಾರ್ಖಾನೆಗೆ ಹೊರಡುವಾಗಲೂ ಯಂತ್ರದ ಮೇಲೆ, ಬರುವಾಗಲೂ ಯಂತ್ರದ ಮೇಲೆ. ಸಾಕು ಎಂದರೂ ಕೇಳುತ್ತಿರಲಿಲ್ಲ. ನಿನ್ನ ಆಳುಗಳು ಹೊತ್ತೊಯ್ಯುವ ಮುಂಚೆ ತಾವೇ ನಡೆದು ಹೋಗಬೇಕೆಂದು ಈ ಆತುರ ಎಂದುಕೊಂಡೆ. ಪಿನ್ನನ್ನು ಒಂದೊಂದೇ ತೂತು ಕೆಳಗಿಳಿಸುವಾಗ ನನ್ನ ಕೈಯಾರೆ ಅಮ್ಮನನ್ನು ಬಾಗಿಲ ಹತ್ತಿರ ತಳ್ಳುತ್ತಿದ್ದೇನೆ ಅನಿಸುತ್ತಿತ್ತು. ಆದರೂ ಇಳಿಸಿದೆ.

ಹೋದ ವಾರ ಮೆಟ್ಟಿಲಿಗೆ ಬಂದೆವು. ನಾನು ಮುಂದೆ, ಹಿಂದಕ್ಕೆ ತಿರುಗಿ, ಕೈ ಚಾಚಿಕೊಂಡು. ಅಮ್ಮ ನನ್ನ ಕೈ ಮುಟ್ಟದೆ ಕಂಬಿ ಹಿಡಿದು ಇಳಿದರು. ಎರಡನೇ ಮಹಡಿಯ ತಿರುವಿನಲ್ಲಿ ನಿಂತುಬಿಟ್ಟರು. ಅಲ್ಲಿ ಒಂದು ಮೆಟ್ಟಿಲು ಮಿಕ್ಕವುಗಳಿಗಿಂತ ಎತ್ತರ. ಪೆಟ್ಟಿಗೆ ಹಿಡಿದು ಇಳಿಯುವಾಗ ನೀನು ಪ್ರತಿ ಸಲ ಎಡವುತ್ತಿದ್ದ ಮೆಟ್ಟಿಲೇ. ಕಟ್ಟಿದ ಗಾರೆಯವನು ಲೆಕ್ಕ ತಪ್ಪಿದ್ದ, ನಾನೂ ಎಲ್ಲ ಮೆಟ್ಟಿಲೂ ಒಂದೇ ಎಂದು ಅಳತೆ ಹಿಡಿದು ಅವನ ಸಾಲಿಗೇ ಸೇರಿದ್ದೆ. ವಾಪಸ್ಸು ಹತ್ತಿ ಬಂದು, ಕಿಡಿಯಿಂದ ಇನ್ನೊಂದು ತೂತು ಕೊರೆಸಿ, ಆ ಎತ್ತರವನ್ನೂ ಅಭ್ಯಾಸ ಮಾಡಿದ ಮೇಲೆ ನಿನ್ನೆ ಮತ್ತೆ ಹೊರಟೆವು. ಅಮ್ಮ ಆ ಮೆಟ್ಟಿಲನ್ನೂ ದಾಟಿ, ಕೆಳಗಿನ ಬಾಗಿಲನ್ನೂ ದಾಟಿ, ಬೀದಿಗೆ ಬಂದು ನಿಂತರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಆಚೆ ಈಚೆ ನೋಡಿದರು. ನಾನು ಪಾದಚಾರಿ ದಾರಿಯ ಅಂಚಿನಲ್ಲಿ ಕೂತು ಅತ್ತೆ. ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟು, ಎದ್ದೇಳು, ಜನ ನೋಡುತ್ತಾರೆ ಎಂದರು. ನಾನು ಸಂತೋಷಕ್ಕೆ ಅಳುತ್ತಿದ್ದೇನೆ ಎಂದುಕೊಂಡಿರಬೇಕು.

ಇನ್ನು ವಿಷಯಕ್ಕೆ ಬರುತ್ತೇನೆ. ಈಗ ಮೆಟ್ಟಿಲಿನ ಅಡ್ಡಿ ಇಲ್ಲ. ಹೋಗುತ್ತೀರಾ ಇರುತ್ತೀರಾ ಎಂದು ನಾನು ಅಮ್ಮನನ್ನು ಕೇಳಿಲ್ಲ. ಬಾಯಿ ಬರಲಿಲ್ಲ. ನೀನೇ ಬಂದು ಕೇಳು. ಅವರು ಏನು ಹೇಳಿದರೂ ನಾನು ಅಡ್ಡ ಬರುವುದಿಲ್ಲ, ಮುಖ ಊದಿಸಿಕೊಳ್ಳುವುದೂ ಇಲ್ಲ. ಆ ದಿನ ನಾನು ಕಾರ್ಖಾನೆಗೆ ಹೋಗಿರುತ್ತೇನೆ. ಭಾನುವಾರ ನಮಗೆ ರಜೆ ಎಂದು ನಿನಗೆ ಗೊತ್ತು, ಆದರೂ ಹೋಗಿರುತ್ತೇನೆ.

ಅಮ್ಮ ಬರುವುದಾದರೆ ಯಂತ್ರವನ್ನೂ ಒಯ್ಯಿ. ಲಿಫ್ಟ್ ಇದೆಯೆಂದು ಅಭ್ಯಾಸ ಬಿಡಿಸಬೇಡ, ಕಾಲು ಮತ್ತೆ ಮರೆತುಬಿಡುತ್ತದೆ. ಪಿನ್ನು ಕೊನೆಯ ತೂತಿನಲ್ಲೇ ಇರಲಿ. ಚಳಿ ಜಾಸ್ತಿಯಾದ ದಿನ ಕೊಳವೆಯ ಎಣ್ಣೆ ಗಟ್ಟಿಯಾಗುತ್ತದೆ, ಅವತ್ತು ಎಡ ತಿರುಪನ್ನು ಸ್ವಲ್ಪ ಸಡಿಲಿಸು. ಸಂಜೆಯ ಹೊತ್ತು ಅಮ್ಮನಿಗೆ ಯಾರಾದರೂ ಮಾತಿಗೆ ಬೇಕು, ಟಿವಿ ಹಾಕಿ ಕೂರಿಸಿದರೆ ಸಾಲದು, ಪಕ್ಕದಲ್ಲಿ ಕೂತು ಬಯ್ಯಲು ಒಬ್ಬರಿರಬೇಕು. ರಾತ್ರಿ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತಾರೆ, ಅದು ಯಾವಾಗಲೂ ದಿಂಬಿನ ಕೆಳಗೆ ಇರುತ್ತದೆ.

ನಿನ್ನ ಆರೋಗ್ಯ ನೋಡಿಕೊ. ಬೆನ್ನುನೋವು ಹೇಗಿದೆ ಎಂದು ಅಮ್ಮ ಕೇಳುತ್ತಿರುತ್ತಾರೆ, ನಾನೂ ಕೇಳಿದೆ ಎಂದು ತಿಳಿದುಕೊ.

ಇಂತಿ,
ಮೂರನೇ ಮಹಡಿಯವಳು

ತಾ.ಕ.: ಶುಕ್ರವಾರ ಬೆಳಿಗ್ಗೆ. ಇದನ್ನು ಅಂಟಿಸಿ ಟಪಾಲು ಡಬ್ಬಿಗೆ ಹಾಕಲು ಹೊರಟಿದ್ದೆ. ಮೆಟ್ಟಿಲು ಮುಗಿಯುವಲ್ಲಿ ಬೀಗ ರಿಪೇರಿಯವನ ಗೂಡಂಗಡಿ ಇದೆಯಲ್ಲ, ಅವನು ನನ್ನನ್ನು ತಡೆದು, ನಿಮ್ಮತ್ತೆ ನಿಂತುಕೊಂಡು ಇಳಿದದ್ದನ್ನು ನೋಡಿ ಬಹಳ ಖುಷಿಯಾಯಿತು ಎಂದ. ನಾನು ಯಂತ್ರದ ಬಗ್ಗೆ ಕೊಚ್ಚಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದುವರಿಸಿದ: “ಮುಂಚೆ ಪಾಪ ಕೂತ್ಕೊಂಡೇ ಇಳೀತಿದ್ರು. ಚಿಕ್ಕ ಮಕ್ಕಳು ಇಳೀತಾವಲ್ಲ, ಹಾಗೆ, ಒಂದೊಂದೇ ಮೆಟ್ಟಿಲು. ನೀವು ಕೆಲಸಕ್ಕೆ ಹೋದ್ಮೇಲೆ ಬಂದು ಇಲ್ಲಿ ಸ್ವಲ್ಪ ಹೊತ್ತು ಕೂತು, ನೀವು ಬರೋದ್ರೊಳಗೆ ಹಾಗೇ ಹತ್ಕೊಂಡು ಹೋಗ್ಬಿಡೋರು. ನಿಮಗೆ ಹೇಳ್ಬೇಡ ಅಂದಿದ್ರು. ಇನ್ನೇನು, ಈಗ ಹೇಳ್ಬಹುದಲ್ವಾ?”

ಎಷ್ಟು ದಿನದಿಂದ ಎಂದು ಕೇಳಿದೆ. ನಾನು ಪೆನ್ಸಿಲ್ ಮುಟ್ಟುವುದಕ್ಕಿಂತ ಎಷ್ಟೋ ಮುಂಚಿನಿಂದ. ನೀನು ಅಮ್ಮನನ್ನು ಮೊದಲ ಸಲ ಕರೆದೆಯಲ್ಲ, ಅದಕ್ಕಿಂತ ಮುಂಚಿನಿಂದ.

ಕಾಗದವನ್ನು ಕೈಯಲ್ಲೇ ಹಿಡಿದು ಮೇಲೆ ಬಂದೆ. ಅಮ್ಮ ಕಿಟಕಿಯ ಹತ್ತಿರ ಕೂತು ಗುಂಡಿ ಹೊಲಿಯುತ್ತಿದ್ದರು. ಕೇಳಿದೆ. ಮೊದಲು ನಾಚಿಕೊಂಡರು, ಆಮೇಲೆ ನಕ್ಕರು. ಬರೋದಿಲ್ಲ ಎಂದರೆ ಮಗನಿಗೆ ನೋವಾಗುತ್ತದೆ, ಮೆಟ್ಟಿಲು ಅಡ್ಡ ಎಂದರೆ ಯಾರಿಗೂ ನೋವಿಲ್ಲ ಎಂದರು. ಹಾಗಿದ್ದ ಮೇಲೆ ನಾನು ಯಂತ್ರ ಮಾಡುವಾಗಲೇ ಬೇಡ ಎನ್ನಬಹುದಿತ್ತಲ್ಲ ಎಂದೆ. ಚಪ್ಪಲಿ ಬಿಚ್ಚದೆ ಕೂರುತ್ತಿದ್ದವಳು ಎದ್ದು ಕೆಲಸ ಹಿಡಿದಿದ್ದೀಯ, ಅದನ್ನು ಬೇಡ ಎನ್ನಲು ಮನಸ್ಸು ಬರಲಿಲ್ಲ, ಬಣ್ಣ ವಾಸನೆ ಎಂದು ಎಳೆಯುವಷ್ಟು ಎಳೆದೆ ಎಂದರು. ಕುರ್ಚಿಯ ಮಾತು ಬಂದ ಮೇಲೆ ಮಾತ್ರ, ಹೊತ್ತುಕೊಂಡು ಹೋಗಲು ಬಂದವರ ಮುಂದೆ ನಿಂತು ಮಾತಾಡಲಾದರೂ ಕಾಲು ಬೇಕು ಎಂದು ಹಟ ಹತ್ತಿತಂತೆ.

ಲಕೋಟೆ ಒಡೆದು, ಇದಕ್ಕೆ ಏನು ಸೇರಿಸಲಿ ಎಂದು ಕೇಳಿದೆ. ಅಮ್ಮ ದಾರ ಕಡಿದು ಸೂಜಿಯನ್ನು ಪಕ್ಕಕ್ಕಿಟ್ಟರು.

“ಆಗಾಗ ಬಂದು ನಾಲ್ಕು ದಿನ ಇದ್ದು ಹೋಗ್ತೀನಿ ಅಂತ ಬರಿ,” ಎಂದರು. “ಆಮೇಲೆ, ನಾನು ಇಷ್ಟು ದಿನ ಇಲ್ಲಿದ್ದದ್ದು ಮೆಟ್ಟಿಲಿನ ದೆಸೆಯಿಂದ ಅಲ್ಲ ಅಂತಾನೂ ಬರಿ.”

ಬರೆದಿದ್ದೇನೆ.